ಚರಕ ತಿರುಗಿಸಿ ಬಿ.ಎ. ಓದಿದವನು

“ಧೈರ್ಯವಾಗಿರಪ್ಪ” ಎಂದು ನನ್ನ ಸರ್ವಿಸಿನಲ್ಲಿ ಎಷ್ಟು ಹುಡುಗರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಮಾತಿನಿಂದ ಒಬ್ಬನಿಗಾದರೂ ಧೈರ್ಯ ಬಂದದ್ದನ್ನು ನಾನು ಕಾಣಲಿಲ್ಲ. ಈಚೆಗೆ ನಮ್ಮ ಬೀದಿಯ ಕೊನೆಯ ಮನೆಗೆ ಬಾಡಿಗೆಗೆ ಬಂದಿರುವ ಹೊಸ ಮೇಷ್ಟರೊಬ್ಬರು, ಇನ್ನೂ ಮೀಸೆ ಬಲಿಯದ ಹುಡುಗ, ಸಂಜೆ ನಮ್ಮ ಜಗಲಿಯ ಮೇಲೆ ಕೂತು, “ಸಾರ್, ಪರೀಕ್ಷೆ ಅಂದ್ರೆ ನಡುಗೋ ಹುಡುಗರಿಗೆ ನಿಮ್ಮ ಕಾಲದಲ್ಲಿ ಏನು ಮಾಡ್ತಿದ್ರಿ?” ಎಂದು ಕೇಳಿದರು. “ಏನು ಮಾಡೋದು, ನಾವೂ ಜೊತೇಲಿ ನಡುಗ್ತಿದ್ವಿ” ಎಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ. ಅವರು ಹೋದ ಮೇಲೆ ಮನಸ್ಸು ಕೆಟ್ಟುಹೋಯಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಯಾವಾಗ ಅಸಿಸ್ಟೆಂಟ್ ಮೇಷ್ಟ್ರಾದೆ, ಯಾವಾಗ ಹೆಡ್ಮಾಸ್ಟರಾದೆ ಎಂಬ ಪುರಾಣ ಇಲ್ಲಿ ಬೇಡ. ಅದನ್ನು ಕೇಳಿ ಕೇಳಿ ನನ್ನ ಹೆಂಡತಿಗೇ ಸಾಕಾಗಿದೆ. ಮಹಾರಾಜರ ಸರ್ಕಾರ ನನ್ನನ್ನು ಮಾಗಡಿ, ಕಾನಕಾನಹಳ್ಳಿ, ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ನಡುವೆಯೇ ಚೆಂಡಿನ ಹಾಗೆ ಎಸೆದಾಡಿತು. ಕ್ಲೋಸ್‌ಪೇಟೆ ಎಂದರೆ ಈಗ ಸ್ಟೇಷನ್ನಿನಲ್ಲಿ ರಾಮನಗರ ಎಂದು ಬೋರ್ಡು ಹಾಕಿರುವ ಊರೇ. ಕಾನಕಾನಹಳ್ಳಿ ಈಗಿನ ಕನಕಪುರ. ಹಗಲು ಸ್ಕೂಲಿನಲ್ಲಿ ಇಂಗ್ಲಿಷು, ಚರಿತ್ರೆ. ಸಂಜೆಯಾದರೆ ನಮ್ಮ ಜಗಲಿಯ ಮೇಲೆ ಇನ್ನೊಂದು ಸ್ಕೂಲು. ಅಲ್ಲಿಗೆ ಬರುತ್ತಿದ್ದವರು ಮೈಸೂರಿಗೋ ಬೆಂಗಳೂರಿಗೋ ಕಾಲೇಜಿಗೆ ಹೋಗಿ, ಯೂನಿವರ್ಸಿಟಿ ಪರೀಕ್ಷೆಯಲ್ಲಿ ಗೋತಾ ಹೊಡೆದು ಊರಿಗೆ ಮರಳಿ, ಮುಂದಿನ ವರ್ಷ ಮತ್ತೆ ಕೂರಬೇಕೆಂದು ಓದುತ್ತಿದ್ದ ಹುಡುಗರು. ಆಗ ತಾಲೂಕಿನಲ್ಲಿ ಬಿ.ಎ. ಆದವರು ಬೆರಳೆಣಿಕೆ. ಅವರಲ್ಲಿ ನಾನೊಬ್ಬ, ಅದೂ ಒಂದು ಸಲ ಗೋತಾ ಹೊಡೆದು ಆದವನು. ಹಾಗಾಗಿ ನನ್ನ ಮುಂದೆ ಆ ಹುಡುಗರಿಗೆ ನಾಚಿಕೆ ಸ್ವಲ್ಪ ಕಡಿಮೆ.

ಈಗಿನವರಿಗೆ ಆ ಪರೀಕ್ಷೆಯ ಭಾರ ಗೊತ್ತಾಗುವುದು ಕಷ್ಟ. ವರ್ಷಗಟ್ಟಲೆ ಓದಿದ್ದಕ್ಕೆಲ್ಲ ಕೊನೆಯಲ್ಲಿ ಒಂದೇ ಪರೀಕ್ಷೆ. ಅದೂ ಮನೆಯಲ್ಲಿ ಆಡದ, ಸಂತೆಯಲ್ಲಿ ಕೇಳದ, ಕನಸಿನಲ್ಲೂ ಬಾರದ ಇಂಗ್ಲಿಷಿನಲ್ಲಿ. ಹಳ್ಳಿಯಿಂದ ಹೋದ ಹುಡುಗನ ಹಿಂದೆ ಇಡೀ ಕೇರಿಯ ಕಣ್ಣು. ಪಾಸಾದರೆ ದೊರೆ, ನಪಾಸಾದರೆ ದನ ಕಾಯುವುದಕ್ಕೂ ಲಾಯಕ್ಕಿಲ್ಲ. ನಡುವೆ ಬೇರೆ ಜಾಗವೇ ಇರಲಿಲ್ಲ.

ಮಾಗಡಿಯಲ್ಲಿದ್ದಾಗ ಚಿಕ್ಕೇಗೌಡ ಎಂಬ ರೈತರ ಮನೆಯ ಹುಡುಗ ಬರುತ್ತಿದ್ದ. ಹೋರಿಯ ಕೊಂಬು ಹಿಡಿದು ನಿಲ್ಲಿಸುವಂಥ ಆಳು. ಆದರೆ ಪರೀಕ್ಷೆ ಹತ್ತಿರ ಬಂತೆಂದರೆ ಅವನ ಹೊಟ್ಟೆ ಕೆಡುತ್ತಿತ್ತು. ಚೊಂಬು ಹಿಡಿದು ಬೇಲಿಯ ಕಡೆ ಹೋದವನು ಬರುವುದು ಯಾವಾಗಲೋ. ಅವರಪ್ಪ ಬಂದು ಅಲವತ್ತುಕೊಂಡರು: “ಮೇಷ್ಟ್ರೇ, ಇವನ್ಗೆ ಯಾರೋ ಮದ್ದು ಆಕವ್ರೆ ಕಣ್ರೀ. ಏನ್ ಕುಡ್ಸುದ್ರೂ ನಿಲ್ಲಾಕಿಲ್ಲ.” ಮದ್ದಲ್ಲ ಗೌಡರೇ, ಹೆದರಿಕೆ ಎಂದೆ. “ಎದ್ರಿಕೆನಾ? ನಮ್ ಚಿಕ್ಕೇಗೌಡ್ನಿಗಾ? ಚಿರ್ತೆ ಬಂದೈತೆ ಅಂದ್ರೆ ದೊಣ್ಣೆ ತಕ್ಕಂಡು ಮುಂದಾಗೋನು ಅವ್ನು!” ಎಂದು ನನ್ನನ್ನೇ ಗದರಿಸಿದರು. ಚಿರತೆ ಪ್ರಶ್ನೆ ಕೇಳುವುದಿಲ್ಲವಲ್ಲ ಎಂದು ನಾನು ನಕ್ಕುಬಿಟ್ಟೆ. ಆ ವರ್ಷ ಚಿಕ್ಕೇಗೌಡ ಪರೀಕ್ಷೆಯ ಮೊದಲ ದಿನವೇ ರೈಲು ಹತ್ತಿ ಹಿಂತಿರುಗಿದ. ಆಮೇಲೆ ನನ್ನನ್ನು ಸಂತೆಯಲ್ಲಿ ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದ.

ಕಾನಕಾನಹಳ್ಳಿಯ ಪುಟ್ಟಸ್ವಾಮಿಯ ಕಥೆ ಇನ್ನೊಂದು ಥರ. ಅವನು ಪರೀಕ್ಷೆಯ ಹಾಲಿನಲ್ಲಿ ಕೊನೆಯ ಗಂಟೆ ಹೊಡೆಯುವವರೆಗೂ ತಲೆ ಎತ್ತದೆ ಬರೆದ. ಹೊರಗೆ ಬಂದ ಮೇಲೆ ಗೊತ್ತಾಯಿತು, ಪ್ರಶ್ನೆಪತ್ರಿಕೆಯನ್ನೇ ಮುತ್ತು ಪೋಣಿಸಿದ ಹಾಗೆ ಮತ್ತೆ ಮತ್ತೆ ನಕಲು ಮಾಡಿ ಕೊಟ್ಟು ಬಂದಿದ್ದ. “ಏನಯ್ಯಾ ಇದು?” ಎಂದರೆ, “ಸುಮ್ಕೆ ಕೂತ್ಕಂಡ್ರೆ ಎಲ್ರೂ ನನ್ನೇ ನೋಡ್ತಾರಲ್ಲ ಸಾ” ಎಂದ.

ಅಲ್ಲಿನ ಹೆಡ್ಮಾಸ್ಟರ ಹತ್ತಿರ ಇದಕ್ಕೆಲ್ಲ ಒಂದೇ ಔಷಧ: ಉರು ಹೊಡೆಸುವುದು. ಉತ್ತರವನ್ನು ಮೊದಲ ಪದದಿಂದ ಕೊನೆಯ ಪದದವರೆಗೆ ಗಟ್ಟಿಯಾಗಿ ಹೇಳಿಸಬೇಕು. ಎಲ್ಲಿ ತಡವರಿಸಿದರೂ ಮತ್ತೆ ಮೊದಲಿನಿಂದ. “ಹೆದರಿಕೆ ಇರೋದು ಗೊತ್ತಿಲ್ಲದವರಿಗೆ ಕಣ್ರೀ. ಬಾಯಿಪಾಠ ಆದವನಿಗೆ ಎಂಥ ಹೆದರಿಕೆ?” ಎಂದು ಅವರು ಬೆತ್ತವನ್ನು ಮೇಜಿನ ಮೇಲೆ ಕುಟ್ಟಿ ಹೇಳುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ನಂಬದೆ ಏನು ಮಾಡುವುದು? ನಮಗೆ ಕಲಿಸಿದವರು ಹಾಗೇ ಕಲಿಸಿದ್ದರು. ಎಲ್ಲ ಬಾಯಿಪಾಠ ಇದ್ದೂ ಹೆದರುವವನೊಬ್ಬ ಇರಬಹುದೆಂದು ನನಗೆ ತೋರಿಸಿಕೊಟ್ಟವನು ಕ್ಲೋಸ್‌ಪೇಟೆಯ ಗಫಾರ.

ಕ್ಲೋಸ್‌ಪೇಟೆಗೆ ವರ್ಗವಾಗಿ ಹೋದ ಹೊಸತರಲ್ಲಿ ಹುಸೇನ್ ಸಾಬರು ಎಂಬ ರೇಷ್ಮೆ ಕೆಲಸದವರು ಮಗನನ್ನು ಮುಂದೆ ಬಿಟ್ಟುಕೊಂಡು ನಮ್ಮ ಮನೆಗೆ ಬಂದರು. ಸಣ್ಣಗೆ ಬಾಗಿದ ಮೈ, ಮಾತು ಮೆತ್ತಗೆ. ಮಗ ಎತ್ತರ, ತೆಳು, ಕಣ್ಣು ನೆಲದ ಮೇಲೆ.

“ಮೇಷ್ಟ್ರೇ, ಇವ್ನು ನನ್ ಮಗ ಗಫಾರ. ಮೈಸೂರಾಗೆ ಬಿ.ಎ. ಓದ್ದ. ಪರೀಕ್ಷೇಲಿ ಓಗ್ಬುಡ್ತು. ಮನೇಲಿ ಎಲ್ಲಾ ಏಳ್ತಾನೆ. ಅಲ್ಲೋಗಿ ಕೂತ್ರೆ ಒಂದಕ್ಷರ ಬರಾಕಿಲ್ಲ ಅಂತಾನೆ. ಒಸಿ ನೋಡಿ.”

ನಾನು ಆಗ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಕಾಲ. ಅಲ್ಲೇ ಜಗಲಿಯ ಮೇಲೆ ಕೂರಿಸಿ, ಮೊಘಲ್ ಸಾಮ್ರಾಜ್ಯದ ಅವನತಿಗೆ ಕಾರಣಗಳನ್ನು ಹೇಳು ಎಂದೆ. ಆ ಪ್ರಶ್ನೆ ಬಾರದ ವರ್ಷವೇ ಇರಲಿಲ್ಲ. ಕಲ್ಲಿಗೆ ಕೇಳಿದರೂ ಉತ್ತರ ಬರಬೇಕು. ಗಫಾರ ಬಾಯಿ ತೆರೆದ. ಏನೂ ಬರಲಿಲ್ಲ. ಹಣೆಯಲ್ಲಿ ಬೆವರು ಕಿತ್ತುಬಂತು. ಬಲಗೈ ಮಾತ್ರ ತೊಡೆಯ ಮೇಲೆ ಒಂದೇ ಸಮನೆ ಸುತ್ತುತ್ತಿತ್ತು. ನಡುಕ ಎಂದುಕೊಂಡೆ. “ಓದಿಲ್ಲ ಅಂತ ಹೇಳಪ್ಪ, ಪರವಾಗಿಲ್ಲ. ಅಪ್ಪನಿಗೆ ಯಾಕೆ ಸುಳ್ಳು ಹೇಳ್ತೀಯ?” ಎಂದುಬಿಟ್ಟೆ. ಹುಡುಗ ಎದ್ದು ಹೋದ. ಸಾಬರು ನನ್ನ ಮುಖ ನೋಡಿ, ಮಗನ ಬೆನ್ನು ನೋಡಿ, “ಸುಳ್ಳು ಏಳೋನಲ್ಲ ಮೇಷ್ಟ್ರೇ. ಒಂದ್ಸಲ ನಮ್ಮನೆಗೆ ಬಂದು ನೋಡಿ” ಎಂದಷ್ಟೇ ಹೇಳಿ ಹೊರಟರು.

ಆ ಭಾನುವಾರ ಬೆಳಿಗ್ಗೆ ಹೋದೆ. ಸಾಬರ ಕೇರಿಯಲ್ಲಿ ಮನೆಗೊಂದು ಒಲೆ, ಮನೆಗೊಂದು ಚರಕ. ಚರಕ ಎಂದರೆ ಖಾದಿ ನೂಲುವ ಚರಕವಲ್ಲ, ರೇಷ್ಮೆ ಗೂಡಿನಿಂದ ನೂಲು ಬಿಚ್ಚಿ ಸುತ್ತುವ ಆಳೆತ್ತರದ ಮರದ ಚಕ್ರ. ಇಬ್ಬರ ಕೆಲಸ ಅದು. ಒಬ್ಬರು ಕುದಿಯುವ ನೀರಿನ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಗೂಡುಗಳನ್ನು ಕದಡಿ, ಎಳೆಯ ತುದಿ ಹುಡುಕಿ ಸೇರಿಸುತ್ತಾರೆ. ಇನ್ನೊಬ್ಬರು ಹಿಡಿ ಹಿಡಿದು ಚಕ್ರ ತಿರುಗಿಸುತ್ತಾರೆ. ಬೆಂದ ಹುಳುವಿನ ವಾಸನೆಗೆ ನಾನು ಬಾಗಿಲಲ್ಲೇ ಪಂಚೆಯ ಅಂಚಿನಿಂದ ಮೂಗು ಮುಚ್ಚಿಕೊಂಡೆ. ಒಳಗಿನಿಂದ ಇಂಗ್ಲಿಷು ಕೇಳಿಬರುತ್ತಿತ್ತು.

“ದಿ ಕಾಸಸ್ ಆಫ್ ದಿ ಡಿಕ್ಲೈನ್ ಆಫ್ ದಿ ಮೊಘಲ್ ಎಂಪೈರ್ ವರ್ ಮೆನಿ ಅಂಡ್ ವೇರಿಯಸ್...”

ಗಫಾರ ನನಗೆ ಬೆನ್ನು ಹಾಕಿ ಚಕ್ರ ತಿರುಗಿಸುತ್ತಿದ್ದ. ಪುಸ್ತಕ ಎಲ್ಲೂ ಇರಲಿಲ್ಲ. ಚಕ್ರದ ಪ್ರತಿ ಸುತ್ತಿಗೂ ಇಷ್ಟು ಮಾತು ಎಂಬಂತೆ ಉತ್ತರ ನಿರಾಳವಾಗಿ ಹರಿದು ಬರುತ್ತಿತ್ತು. ನಡುವೆ ಎಳೆ ಕಡಿಯಿತು. ಸಾಬರು ಕೈ ಎತ್ತಿದರು. ಚಕ್ರ ನಿಂತಿತು, ಇಂಗ್ಲಿಷೂ ಅರ್ಧ ವಾಕ್ಯದಲ್ಲಿ ನಿಂತಿತು. ಅವರು ಎಳೆ ಕೂಡಿಸಿ ತಲೆ ಆಡಿಸಿದರು. ಚಕ್ರ ಹೊರಟಿತು, ನಿಂತ ಪದದಿಂದಲೇ ಉತ್ತರವೂ ಹೊರಟಿತು. ನಾನು ಮೂಗು ಮುಚ್ಚಿಕೊಂಡಿದ್ದ ಪಂಚೆಯ ಅಂಚನ್ನು ಕೈಬಿಟ್ಟು ನಿಂತುಬಿಟ್ಟೆ. ನನಗೇ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಆಮೇಲೆ ಕೂತು ವಿಚಾರಿಸಿದೆ. ಕೈಗೆ ಬಲ ಬಂದಾಗಿನಿಂದ ಅವನು ಚರಕದ ಮುಂದೆಯೇ ಓದಿದ್ದು. ಮಗ್ಗಿ, ವ್ಯಾಕರಣ, ಕೊನೆಗೆ ಬಿ.ಎ.ವರೆಗೂ ಹಾಗೇ. ಮೈಸೂರಿನ ಹಾಸ್ಟೆಲಿನಲ್ಲಿ ಚರಕ ಇಲ್ಲದ್ದಕ್ಕೆ ಬಾವಿಯ ಹಗ್ಗ ಹಿಡಿದುಕೊಂಡನಂತೆ. ಇಡೀ ಹಾಸ್ಟೆಲಿಗೆ ನೀರು ಸೇದಿಕೊಂಡು ಚರಿತ್ರೆ ಉರು ಹೊಡೆದ. ಅಡಿಗೆಯವರಿಗೆ ಇವನೆಂದರೆ ಪ್ರಾಣ. ಕೆಳಗಿನ ಪರೀಕ್ಷೆಗಳಲ್ಲಿ ಉತ್ತರ ಚಿಕ್ಕವು, ಹೇಗೋ ದಾಟಿದ್ದ. ಬಿ.ಎ.ಯಲ್ಲಿ ಪುಟಗಟ್ಟಲೆ ಬರೆಯಬೇಕು. ಹಾಲಿನಲ್ಲಿ ಕೈ ಕಟ್ಟಿಹಾಕಿದ ಹಾಗೆ ಕೂತರೆ ಅವನಿಗೆ ಮೊದಲ ಪದವೇ ಸಿಗುತ್ತಿರಲಿಲ್ಲ.

“ಗೂಡು ಚೆನ್ನಾಗೇ ಐತೆ ಮೇಷ್ಟ್ರೇ. ಎಳೆ ತುದಿ ಸಿಗ್ತಿಲ್ಲ, ಅಷ್ಟೇಯ” ಎಂದರು ಸಾಬರು. ಹಾಗೆನ್ನುತ್ತ ತಮ್ಮ ಎರಡು ಕೈಗಳನ್ನೂ ನನ್ನ ಮುಂದೆ ಚಾಚಿದರು. ಬೆರಳುಗಳು ಬೆಂದು ಬಿಳಿಚಿ ಸುಕ್ಕಾಗಿದ್ದವು. ತುದಿಯಲ್ಲಿ ಚರ್ಮ ಒಡೆದು ಕೀವು ಕಟ್ಟಿತ್ತು. ಉಗುರಿನ ಜಾಗದಲ್ಲಿ ಉಗುರು ಇರಲಿಲ್ಲ. “ಅನ್ನ ಕಲಸೋಕೆ ಆಗಾಕಿಲ್ಲ, ಉರೀತದೆ. ನಮ್ಮಪ್ಪಂದೂ ಇಂಗೇ ಇತ್ತು. ಇವ್ನು ಚಕ್ರ ತಿರುಗಿಸ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಇವನ ಕೈ ಈ ನೀರ್ಗೆ ಬೀಳಬಾರ್ದು ಮೇಷ್ಟ್ರೇ. ಬಿ.ಎ. ಆಗ್ಬುಟ್ರೆ ಬೀಳಾಕಿಲ್ಲ.”

ಆ ಕೈ ನೋಡಿದ ಮೇಲೆ ನನಗೆ ಮೊಘಲ್ ಸಾಮ್ರಾಜ್ಯ ಬೇರೆ ಥರ ಕಾಣತೊಡಗಿತು. ಹುಡುಗನಿಗೆ ನಾನು ಆಡಿದ್ದ ಮಾತು ನೆನೆದು ಮುಖ ಎತ್ತಲಾಗಲಿಲ್ಲ. ಇವನನ್ನು ಪಾಸು ಮಾಡಿಸಿಯೇ ತೀರಬೇಕೆಂದು ಅಲ್ಲೇ ಹಠ ತೊಟ್ಟೆ.

ಹಠವೇನೋ ತೊಟ್ಟೆ, ದಾರಿ ಗೊತ್ತಿರಲಿಲ್ಲ. ಕೈಕಟ್ಟಿ ಕೂರಿಸಿ ಹೇಳಿಸಿದೆ, ತೊದಲಿದ. ಅಂಗಳದಲ್ಲಿ ನಡೆದಾಡುತ್ತ ಹೇಳು ಎಂದೆ, ಅಲ್ಪಸ್ವಲ್ಪ ಬಂತು. ಕೊನೆಗೆ ನಮ್ಮ ಮನೆಯ ಕಾಫಿ ಬೀಜದ ಗಿರಣಿಯನ್ನು ಅವನ ಮುಂದಿಟ್ಟೆ. ಅದರ ಹಿಡಿ ತಿರುಗಿಸಿದ್ದೇ ತಡ, ಉತ್ತರ ಸರಸರನೆ ಬಂತು. ನನ್ನ ಹೆಂಡತಿಗೆ ಪುಡಿಯೂ ಆಯಿತು. “ಈ ಹುಡುಗ ದಿನಾ ಬರಲಿ” ಎಂದಳು. ಆಮೇಲೆ ಒಂದಿಷ್ಟು ತಿರುಗಿಸು, ನಿಲ್ಲಿಸು, ಬರೆ, ಮತ್ತೆ ತಿರುಗಿಸು ಎಂದು ದಿನದಿನಕ್ಕೂ ತಿರುಗಿಸುವುದನ್ನು ಕಡಿಮೆ ಮಾಡುತ್ತ ಬಂದೆ. ರಜದ ದಿನ ಸ್ಕೂಲಿನ ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿ, ಗಂಟೆ ಹೊಡೆಸಿ, ಮೂಲೆಯಲ್ಲಿ ನೀರಿನ ಮಡಕೆ ಇಟ್ಟು, ಸುಳ್ಳು ಪರೀಕ್ಷೆ ನಡೆಸಿದೆ. ಪ್ರತಿ ಉತ್ತರವೂ ಅರ್ಧ ಪುಟದವರೆಗೆ ಬರುತ್ತಿತ್ತು, ಅಲ್ಲಿಗೆ ನಿಂತುಹೋಗುತ್ತಿತ್ತು. ಬೇಸಿಗೆ ಬಂತು, ಪರೀಕ್ಷೆ ಬಂತು. ಗಫಾರ ಮೈಸೂರಿಗೆ ಹೋಗಿ ಪ್ರತಿ ಪ್ರಶ್ನೆಗೂ ಅರ್ಧರ್ಧ ಪುಟ ಬರೆದು ಬಂದ.

ಫಲಿತಾಂಶ ಹೊತ್ತ ಪೇಪರು ರೈಲಿನಲ್ಲಿ ಬರುತ್ತಿತ್ತು. ಆ ದಿನ ಸ್ಟೇಷನ್ನಿನಲ್ಲಿ ಪೇಪರು ಬಿಚ್ಚಿದವನು ನಾನೇ. ಅವನ ನಂಬರು ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಗಫಾರ ತಿರುಗಿ ನಡೆದು ಹೋದ. ಮನೆಗೆ ಹೋಗಿರುತ್ತಾನೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹುಸೇನ್ ಸಾಬರು ಬಿಸಿಲಲ್ಲಿ ಬರಿಗಾಲಲ್ಲಿ ಓಡಿ ಬಂದರು. “ಮೇಷ್ಟ್ರೇ, ಮನೆಗೆ ಬರ್ಲಿಲ್ಲ. ಬೆಟ್ಟದ ಕಡೆ ಓಗವ್ನಂತೆ!”

ಆ ಊರಿನ ಸುತ್ತಲ ಬೆಟ್ಟಗಳು ನಿಮಗೆ ಗೊತ್ತು, ಬರೀ ಬಂಡೆ. ಅವು ಎಷ್ಟು ಕಡಿದು ಎಂದು ನನಗೆ ಅವತ್ತು ಅರ್ಥವಾಯಿತು. ಇಬ್ಬರೂ ಹತ್ತಿದೆವು. ಪ್ರತಿ ಬಂಡೆಯ ತಿರುವಿನಲ್ಲೂ ಕೆಳಗೆ ನೋಡಲು ಹೆದರಿಕೆ, ನೋಡದಿರಲೂ ಹೆದರಿಕೆ. ಮೇಲೆ, ಬಂಡೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಅವನು ಕೂತಿದ್ದ. ಬಲಗೈ ಗಾಳಿಯಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ತುಟಿ ಅಲ್ಲಾಡುತ್ತಿತ್ತು.

ಸಾಬರು ಗದರಲಿಲ್ಲ, ಅಳಲಿಲ್ಲ. ಹೋಗಿ ಪಕ್ಕದಲ್ಲಿ ಕೂತು ಆ ಕೈಯನ್ನು ತಮ್ಮ ಬೆಂದ ಕೈಯಲ್ಲಿ ಹಿಡಿದುಕೊಂಡರು. “ಬಾ ಬೇಟಾ. ನೀರು ಕಾದೈತೆ, ಗೂಡು ಆಕಬೇಕು.” ಗಫಾರ ನನ್ನ ಕಡೆ ತಿರುಗಿದ. “ನಂಗೆಲ್ಲಾ ಬತ್ತದೆ ಸಾರ್. ಅಲ್ಲಿ ಕೂತ ತಕ್ಷಣ ಯಾರೋ ಒಳಗಿಂದ ಬಾಗಿಲು ಹಾಕ್ಬುಡ್ತಾರೆ. ತಟ್ಟಿ ತಟ್ಟಿ ಸಾಕಾಯ್ತು.”

ಹೊಸ ಮೇಷ್ಟರೇ, ಆ ಮಾತಿಗೆ ನಾನು ಏನು ಹೇಳಿದೆ ಗೊತ್ತೆ? “ಧೈರ್ಯವಾಗಿರಪ್ಪ” ಎಂದೆ. ಬೇರೆ ಏನೂ ಹೊಳೆಯಲಿಲ್ಲ.

ಮುಂದಿನ ವರ್ಷ ಅವನು ನಮ್ಮ ಜಗಲಿಗೆ ಬರುವುದು ಕಡಿಮೆಯಾಯಿತು. ಬಂದಾಗ ಮುಖದಲ್ಲಿ ಗೆಲುವಿತ್ತು. ಮನೆಯಲ್ಲೇ ಬರೆದು ಅಭ್ಯಾಸ ಮಾಡುತ್ತಿದ್ದೇನೆ ಎನ್ನುತ್ತಿದ್ದ. ಬರೆದದ್ದನ್ನು ತಂದು ತೋರಿಸುತ್ತಿದ್ದ. ಉತ್ತರಗಳು ಪೂರ್ತಿ ಇರುತ್ತಿದ್ದವು. ಚರಕವಿಲ್ಲದೆ ಬರೆದೆಯಾ ಎಂದರೆ, ತಲೆ ತಗ್ಗಿಸಿ ನಗುತ್ತಿದ್ದ. ನನ್ನ ಕಾಫಿ ಗಿರಣಿಯ ಚಿಕಿತ್ಸೆ ಕೊನೆಗೂ ನಾಟಿತು ಎಂದು ನಾನು ಒಳಗೊಳಗೇ ಬೀಗಿದೆ.

ಆ ವರ್ಷ ನನ್ನನ್ನು ಮೈಸೂರಿನ ಪರೀಕ್ಷೆಯ ಹಾಲಿನಲ್ಲಿ ಕಾವಲಿಗೆ ಕರೆದಿದ್ದರು. ಸಾಲುಗಳ ನಡುವೆ ನಡೆದಾಡುತ್ತ ಹುಡುಗರ ಮೇಲೆ ಕಣ್ಣಿಡುವ ಕೆಲಸ. ಎತ್ತರದ ಕಮಾನುಗಳ ದೊಡ್ಡ ಹಾಲು, ಸೊಳ್ಳೆ ಗುಂಯ್‌ಗುಟ್ಟಿದರೂ ಕೇಳುವಷ್ಟು ನಿಶ್ಶಬ್ದ. ನಮ್ಮ ಮೇಲೆ ಒಬ್ಬ ಸೂಪರಿಂಟೆಂಡೆಂಟರು. ಕೋಟು, ಪೇಟ, ಸೊಂಟದಲ್ಲಿ ಗಡಿಯಾರ. ಮಾತು ಕಡಿಮೆ, ಕಣ್ಣು ಚುರುಕು. ಗಫಾರ ಆಚೆ ಸಾಲಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದ. ಮೊದಲ ಪತ್ರಿಕೆಯಲ್ಲಿ ದೂರದಿಂದ ನೋಡಿದೆ: ಬರೆಯುತ್ತಿದ್ದಾನೆ! ಪುಟ ಮಗುಚಿದ, ಇನ್ನೊಂದು ಮಗುಚಿದ, ಎದ್ದು ನಿಂತು ಹೆಚ್ಚಿನ ಹಾಳೆ ಕೇಳಿದ. ಹುಡುಗರ ಮುಂದೆ ಕಣ್ಣೀರು ಬರಬಾರದೆಂದು ಮೂಲೆಗೆ ಹೋಗಿ ಮಡಕೆಯ ನೀರು ಕುಡಿದೆ. ಎರಡನೆಯ ಪತ್ರಿಕೆಯೂ ಹಾಗೇ ಆಯಿತು.

ಚರಿತ್ರೆಯ ದಿನ ಬಿಸಿಲು ಕಾಯುತ್ತಿತ್ತು. ಪತ್ರಿಕೆ ಹಂಚಿ ಒಂದಿಷ್ಟು ಹೊತ್ತಾಗಿತ್ತು. ಎಲ್ಲಿಂದಲೋ ‘ಕಿರ್, ಕಿರ್’ ಎಂದು ಸಣ್ಣ ಸದ್ದು. ಇಲಿಯಿರಬೇಕು ಎಂದುಕೊಂಡೆ. ಸದ್ದು ನಿಲ್ಲಲಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಸೂಪರಿಂಟೆಂಡೆಂಟರು ಕಿಟಕಿಯ ಸಾಲಿಗೆ ಹೋಗಿ ಗಫಾರನ ಬೆನ್ನ ಹಿಂದೆ ನಿಂತಿದ್ದರು. ಅವನ ಬಲಗೈ ಬರೆಯುತ್ತಿತ್ತು. ಎಡಗೈ ಡೆಸ್ಕಿನ ಕೆಳಗಿತ್ತು.

“ಎದ್ದು ನಿಲ್ಲು. ಎಡಗೈ ತೋರಿಸು.”

ಅಂಗೈಯಲ್ಲಿ ಕೆಂಪು ಹಳದಿ ಅರಗಿನ ಬಣ್ಣದ ಮರದ ಆಟಿಕೆಯೊಂದಿತ್ತು. ಪುಟ್ಟ ಚಕ್ರ, ಅದಕ್ಕೊಂದು ಕಡ್ಲೆಕಾಯಿಯಷ್ಟು ಹಿಡಿ. ನೋಡಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಓಡಿದ ಹಾಗೇ ಹೋದೆ. ಸೂಪರಿಂಟೆಂಡೆಂಟರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮೇಜಿನ ಮೇಲಿಟ್ಟು, ಕಾಗದದ ಮೇಲಿಡುವ ಗುಂಡಿನಿಂದ ಒಂದೇಟು ಹಾಕಿದರು. ಚಕ್ರ ಎರಡು ಹೋಳಾಯಿತು. ಒಳಗೆ ಬಿಳಿ ಮರ ಬಿಟ್ಟರೆ ಏನೂ ಇರಲಿಲ್ಲ.

“ಚೀಟಿ ಇಲ್ಲ ಸಾರ್. ಈ ಹುಡುಗನನ್ನ ನಾನು ಬಲ್ಲೆ. ಇವನಿಗೆ ಕೈ ಆಡಿಸದಿದ್ದರೆ ಉತ್ತರ ಬರೋದಿಲ್ಲ” ಎಂದೆ. ನನ್ನ ಕಿವಿಗೇ ಆ ಮಾತು ಹುಚ್ಚು ಹುಚ್ಚಾಗಿ ಕೇಳಿಸಿತು.

“ಚೀಟಿ ಇಲ್ಲದಿರಬಹುದು, ಯಾರಿಗಾದರೂ ಸನ್ನೆ ಇರಬಹುದು. ತರಬಾರದ್ದನ್ನು ಒಳಗೆ ತಂದಿದ್ದಾನೆ. ನೀವು ನಿಮ್ಮ ಜಾಗಕ್ಕೆ ಹೋಗಿ” ಎಂದರು. ಉತ್ತರದ ಹಾಳೆಗಳಿಗೆ ಕೈ ಹಾಕಿದರು. ಗಫಾರ ಮೊಘಲ್ ಸಾಮ್ರಾಜ್ಯದ ಉತ್ತರವಿದ್ದ ಹಾಳೆಯ ಮೇಲೆ ಬೆರಳಿಟ್ಟು ಕೇಳಿದ: “ಸಾರ್, ಈ ವಾಕ್ಯ ಒಂದು ಮುಗಿಸಿಬಿಡ್ಲಾ?”

ಮುಗಿಸಲು ಬಿಡಲಿಲ್ಲ. ಜವಾನ ಅವನನ್ನು ಬಾಗಿಲವರೆಗೆ ಕರೆದುಕೊಂಡು ಹೋದ. ಹುಡುಗರೆಲ್ಲ ತಲೆ ಎತ್ತಿ ನೋಡಿದರು, ಮತ್ತೆ ಬರೆಯತೊಡಗಿದರು.

ಕೊನೆಯ ಗಂಟೆ ಹೊಡೆದ ಮೇಲೆ ನಾನು ಹೊರಗೆ ಹೋದಾಗ ಮರದ ಕೆಳಗೆ ಅಪ್ಪ ಮಗ ಇಬ್ಬರೂ ಕೂತಿದ್ದರು. ಮಗನ ಊಟಕ್ಕೆಂದು ತಂದ ಬುತ್ತಿ ಬಿಚ್ಚದೆ ಇತ್ತು. ನನ್ನನ್ನು ಕಂಡು ಸಾಬರು ಎದ್ದು ನಿಂತರು.

“ನಾನೇ ಮಾಡಿಸ್ದೆ ಮೇಷ್ಟ್ರೇ. ಚನ್ನಪಟ್ಣದಾಗೆ ಗೊಂಬೆ ಮಾಡೋ ನನ್ ದೋಸ್ತ್ ಒಬ್ಬವ್ನೆ. ಅಂಗೈಯಾಗೆ ಇಡ್ಸೋ ಅಂಥ ಚರಕ ಮಾಡ್ಕೊಡು ಅಂದೆ. ಮಾಡ್ಕೊಟ್ಟ. ಎಡಗೈಯಾಗೆ ತಿರುಗಿಸ್ಕಂಡು ಬಲಗೈಯಾಗೆ ಬರೆಯೋದ ವರ್ಸೆಲ್ಲಾ ಕಲ್ತ. ನಿಮ್ಗೆ ಪಾಸಾದ್ಮೇಲೆ ಏಳಾಣ ಅಂದ್ಕಂಡಿದ್ವಿ. ಬಿಸ್ಲಿಗೆ ಮರ ಒಣ್ಗಿ ಸದ್ದು ಬಂದ್ಬುಡ್ತು.” ಬಿಚ್ಚದ ಬುತ್ತಿ ಎತ್ತಿಕೊಂಡು, “ಒಂದ್ ತೊಟ್ಟು ಎಣ್ಣೆ ಬಿಟ್ಟಿದ್ರೆ ಆಗೋದು” ಎಂದರು.

ಹಾಲಿನೊಳಗೆ ಕಟ್ಟುನಿಟ್ಟು ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಚೀಟಿ, ಪುಸ್ತಕ ಒಯ್ಯಬಾರದು ಎಂದು ತಿಳಿದಿದ್ದರು. ಮಕ್ಕಳಾಡುವ ಗೊಂಬೆ ಮೋಸ ಆದೀತೆಂದು ಯಾರಿಗೆ ಹೊಳೆಯುತ್ತದೆ? ಅದೂ ಮಕ್ಕಳ ತೊಟ್ಟಿಲಿಗೆಲ್ಲ ಆ ಗೊಂಬೆಯನ್ನೇ ಕಟ್ಟುವ ನಮ್ಮ ಸೀಮೆಯವರಿಗೆ?

ಆ ಸಂಜೆ ಸೂಪರಿಂಟೆಂಡೆಂಟರ ಮನೆಗೆ ಹೋದೆ. ಕೆಟ್ಟ ಮನುಷ್ಯರೇನಲ್ಲ, ಕೂರಿಸಿ, ಕಾಫಿ ಕೊಟ್ಟು, ಎಲ್ಲ ಕೇಳಿದರು. “ನೀವು ಹೇಳೋದು ನಿಜವೇ ಇರಬಹುದು. ಇವತ್ತು ಇವನ ಚಕ್ರಕ್ಕೆ ಒಪ್ಪಿಗೆ ಕೊಟ್ಟರೆ ನಾಳೆ ಒಬ್ಬೊಬ್ಬನೂ ಒಂದೊಂದು ತರ್ತಾನೆ. ಅದರಲ್ಲಿ ಯಾವುದು ಚಕ್ರ, ಯಾವುದು ಚೀಟಿ ಅಂತ ನಾನು ಹೇಗೆ ನೋಡಲಿ?” ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಅದೇ ನನಗೆ ದೊಡ್ಡ ಸಂಕಟ. ಅವರನ್ನು ಬಯ್ಯಲಾದರೂ ಸಾಧ್ಯವಿದ್ದಿದ್ದರೆ ಎದೆ ಹಗುರಾಗುತ್ತಿತ್ತು.

ಗಫಾರನನ್ನು ಕೆಲವು ವರ್ಷ ಪರೀಕ್ಷೆಗೆ ಕೂರದ ಹಾಗೆ ಹೊರಗಿಟ್ಟರು. ಕಾವಲಿನ ಕೆಲಸಕ್ಕೆ ನನಗೂ ಮತ್ತೆ ಕರೆ ಬರಲಿಲ್ಲ, ಬಂದಿದ್ದರೂ ಹೋಗುತ್ತಿರಲಿಲ್ಲ. ಆ ಗಡುವು ಮುಗಿದ ವರ್ಷ ಅವನ ಮನೆಗೆ ಹೋಗಿ, ಮತ್ತೆ ಪರೀಕ್ಷೆಗೆ ಕಟ್ಟೋಣ, ನಾನಿದ್ದೇನೆ ಎಂದೆ. ಅವನು ಚಕ್ರ ನಿಲ್ಲಿಸದೆ, ಸಿಟ್ಟಿಲ್ಲದೆ ಹೇಳಿದ: “ಕೈ ಆಡಿಸ್ದಿದ್ರೆ ಬರಾಕಿಲ್ಲ ಸಾರ್. ಆಡಿಸುದ್ರೆ ಕಳ್ಳ ಅಂತಾರೆ. ಇನ್ನೇನ್ ಮಾಡ್ಲಿ ನೀವೇ ಏಳಿ.” ಆಗ ನಾನು ಗಮನಿಸಿದೆ: ಚಕ್ರ ತಿರುಗುತ್ತಿತ್ತು, ಆದರೆ ಅವನ ಬಾಯಿಂದ ಇಂಗ್ಲಿಷು ಬರುತ್ತಿರಲಿಲ್ಲ.

ಅದೇ ವರ್ಷ ನನ್ನನ್ನು ಚನ್ನಪಟ್ಟಣಕ್ಕೆ ಎಸೆದರು. ಹೊಸ ಪದ್ಧತಿಗಳು ಬಂದವು. ಉರು ಹೊಡೆಸಬೇಡಿ, ಅರ್ಥ ಮಾಡಿಸಿ ಎಂದು ಇನ್‌ಸ್ಪೆಕ್ಟರು ಬಂದು ಭಾಷಣ ಮಾಡಿದರು. ಒಳ್ಳೆಯದೇ. ನಾನು ಅರ್ಥ ಮಾಡಿಸಿದೆ. ಅರ್ಥವಾದ ಹುಡುಗರೂ ನಡುಗುತ್ತಲೇ ಇದ್ದರು. ಜಗಲಿಗೆ ಹೊಸಬನೊಬ್ಬ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಅವನ ಕೈಯನ್ನು.

ಪೆನ್ಷನ್ನು ಬಂದ ಮೇಲೆ ಒಂದು ಕೆಲಸದ ಮೇಲೆ ಕ್ಲೋಸ್‌ಪೇಟೆಗೆ ಹೋಗಬೇಕಾಯಿತು. ಕಾಲು ತಾನಾಗಿ ಸಾಬರ ಕೇರಿಗೆ ಎಳೆಯಿತು. ಅದೇ ಮಾಡು, ಅದೇ ವಾಸನೆ, ಅದೇ ಚಕ್ರ. ಬೆಳಕಿನಿಂದ ಒಳಗೆ ಹೋದವನಿಗೆ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು, ಅಪ್ಪ ಮಗ ಜಾಗ ಬದಲಾಯಿಸಿದ್ದರು. ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನು ಗಫಾರ. ಕೂದಲು ನೆರೆತಿತ್ತು. ಬೆರಳುಗಳು ಬೆಂದು ಬಿಳಿಚಿ ಸುಕ್ಕಾಗಿದ್ದವು. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಹುಸೇನ್ ಸಾಬರ ಕಣ್ಣು ಹೊಗೆಗೆ ಹೋಗಿಬಿಟ್ಟಿತ್ತಂತೆ. ಎಳೆ ಕಾಣದವರು ಬಾನಿಯ ಮುಂದೆ ಕೂರುವುದು ಹೇಗೆ? ಗೋಡೆಗೊರಗಿ ಚಕ್ರದ ಹಿಡಿ ಹಿಡಿದಿದ್ದರು.

“ಕೂತ್ಕಳಿ ಸಾರ್” ಎಂದ ಗಫಾರ. ಅವನು ಎದ್ದೇಳುವಂತಿರಲಿಲ್ಲ, ಎಳೆ ಓಡುತ್ತಿತ್ತು. ಏನು ಮಾತಾಡಲಿ? ಬಾಯಿಗೆ ಬಂದದ್ದು ಕೇಳಿದೆ, ಓದಿದ್ದು ಏನಾದರೂ ನೆನಪಿದೆಯೇನಪ್ಪ ಎಂದು. “ಒಂದೂ ಇಲ್ಲ ಸಾರ್. ನೀರಾಗೆ ಕೈ ಇಟ್ಟಾಗಿಂದ ಎಲ್ಲಾ ಓಯ್ತು” ಎಂದ. ಮುಖದಲ್ಲಿ ದುಃಖವೂ ಕಾಣಲಿಲ್ಲ. ಅದು ನನಗೆ ಇನ್ನೂ ಹೆಚ್ಚು ದುಃಖ ತಂದಿತು.

ಆಗ ಚಕ್ರದ ಹತ್ತಿರದಿಂದ ಮೆಲ್ಲನೆಯ ದನಿ ಕೇಳಿತು. “ದಿ ಕಾಜಜ್ ಆಫ್ ದಿ ಡಿಕ್ಲಾಯಿನ್ ಆಫ್ ದಿ ಮೊಗಲ್ ಎಂಪಾಯರ್ ವರ್ ಮೆನಿ ಅಂಡ್ ವೇರಿಯಸ್...”

ಹುಸೇನ್ ಸಾಬರು. ಕನ್ನಡದಲ್ಲಿ ಸಹಿ ಮಾಡಲೂ ಬಾರದವರು. ಒಂದು ಪದದ ಅರ್ಥವೂ ಗೊತ್ತಿಲ್ಲದ ಆ ಉತ್ತರವನ್ನು, ಮಗನ ಬಾಯಿಂದ ವರ್ಷಗಟ್ಟಲೆ ಕೇಳಿದ್ದನ್ನು, ಪ್ರತಿ ಸುತ್ತಿಗೂ ಇಷ್ಟು ಮಾತಿನಂತೆ ಹೇಳುತ್ತ ಹೋದರು. ಕಣ್ಣಿಲ್ಲದ ಮುಖ ನನ್ನ ಕಡೆಗಿತ್ತು. ಎಳೆ ಕಡಿಯಿತು, ಗಫಾರ “ಅಬ್ಬಾ” ಎಂದು ಅಪ್ಪನನ್ನು ಕೂಗಿದ, ಚಕ್ರ ನಿಂತಿತು, ಉತ್ತರ ಅರ್ಧ ವಾಕ್ಯದಲ್ಲಿ ನಿಂತಿತು. ಅವನು ಎಳೆ ಕೂಡಿಸಿ “ಹ್ಞೂಂ” ಎಂದ. ನಿಂತ ಪದದಿಂದಲೇ ಮತ್ತೆ ಹೊರಟಿತು. ಅವತ್ತು ಹಾಲಿನಲ್ಲಿ ಮುಗಿಸಲು ಬಿಡದ ವಾಕ್ಯವೂ ಬಂತು, ಅದರ ಮುಂದಿನದೂ ಬಂತು, ಕೊನೆಯ ಪದದವರೆಗೂ ಬಂತು.

“ಸರಿಯಾಗೈತಾ ಮೇಷ್ಟ್ರೇ?” ಎಂದು ಕೇಳಿದರು.

“ಸರಿಯಾಗಿದೆ ಸಾಬರೇ” ಎಂದೆ. “ಪೂರ್ತಿ ಸರಿಯಾಗಿದೆ.”

ಗಫಾರ ತಲೆ ಎತ್ತಲಿಲ್ಲ. ಇನ್ನೊಂದು ಹಿಡಿ ಗೂಡು ತೆಗೆದುಕೊಂಡು ಕುದಿಯುವ ನೀರಿಗೆ ಹಾಕಿ, ಎಳೆಯ ತುದಿ ಹುಡುಕಲು ಕೈ ಇಳಿಸಿದ.